ಮಂಗಳದಿಂದ "ಊಟ ಆಯ್ತಾ?" ಎಂದು ಕೇಳಿದರೆ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ಶಾಲೆಯಲ್ಲಿ ಕಲಿಸುತ್ತೇನೆ. ಎರಡು ವರ್ಷದಿಂದ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಎಂಜಿನಿಯರ್, ಮಂಗಳ ಗ್ರಹಕ್ಕೆ ಹೋಗುತ್ತಾಳೆ. ಗಂಡ ಊರಲ್ಲೇ ಅಡಿಕೆ ತೋಟ ನೋಡಿಕೊಂಡಿರುತ್ತಾನೆ. ದಿನಾ ರಾತ್ರಿ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಾರೆ. ಅವನು ಮರದಿಂದ ಬಿದ್ದಾಗ ಅದೇ ಕ್ಷಣ ಅವಳಿಗೆ ಅಲ್ಲಿ ಎದೆ ಝಲ್ಲೆನ್ನುತ್ತದೆ. ಅವಳು ವಾಪಸ್ ಬರುವಾಗ ಅವನು ಮುದುಕನಾಗಿರುತ್ತಾನೆ, ಅವಳು ಹೋದಾಗಿನಂತೆಯೇ ಇರುತ್ತಾಳೆ. ಓದಿದ ಗೆಳತಿ "ಇದು ವಿಜ್ಞಾನ ಅಲ್ಲ" ಅಂದಳು. ವಿಜ್ಞಾನ ಸರಿ ಮಾಡಲು ಹೋದರೆ ಪ್ರೀತಿ ಒಣಗುತ್ತದೆ ಅನ್ನಿಸುತ್ತಿದೆ. ಓದಿದವರ ಮನಸ್ಸು ಬೆಚ್ಚಗಾಗಬೇಕು ಅನ್ನುವುದೇ ನನ್ನ ಆಸೆ. ಏನು ಮಾಡಲಿ? ಕರಡು ಕಳಿಸಿದ್ದೇನೆ.

ಉತ್ತರ: ನಿಮ್ಮ ಕರಡನ್ನು ಎರಡು ಸಲ ಓದಿದೆ. ಮೊದಲನೇ ಸಲ ಸುಮ್ನೆ ಓದುಗನಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ವೈಜ್ಞಾನಿಕ ಕಥೆಗಳ ಕರಡು ತಿದ್ದುವುದು ನನಗೆ ಬಹಳ ಇಷ್ಟದ ಕೆಲಸ.

ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೆ ವಿಜ್ಞಾನ ಸರಿ ಮಾಡಿದರೆ ಪ್ರೀತಿ ಒಣಗುತ್ತದೆ ಅನ್ನುವ ನಿಮ್ಮ ಭಯ ಸರಿಯಲ್ಲ. ನಿಮ್ಮ ಕಥೆಯಲ್ಲಿ ಪ್ರೀತಿ ತೆಳುವಾಗಿರುವುದು ಎಲ್ಲಿ ಗೊತ್ತಾ? ನೀವು ವಿಜ್ಞಾನವನ್ನು ಸಡಿಲ ಬಿಟ್ಟ ಜಾಗಗಳಲ್ಲೇ. ಅವಳು ಮಂಗಳದಲ್ಲಿದ್ದಾಳೆ ಅನ್ನುತ್ತೀರಿ, ಆದರೆ ಮಾತಾಡುವಾಗ ಆಚೆ ಮನೆಯಲ್ಲಿ ಇದ್ದಂತೆ ಇದ್ದಾಳೆ. ದೂರವನ್ನು ನೀವು ಅಳಿಸಿಬಿಟ್ಟಿದ್ದೀರಿ. ದೂರವೇ ಇಲ್ಲದ ಮೇಲೆ ಆ ಇಬ್ಬರು ಒಬ್ಬರಿಗೊಬ್ಬರು ಮಾಡಬೇಕಾದ್ದು ಏನು ಉಳಿಯಿತು?

26ನೇ ಪುಟದ ಫೋನ್ ಮಾತುಕತೆಯಿಂದ ಶುರು ಮಾಡುತ್ತೇನೆ. ಅವನು "ಊಟ ಆಯ್ತಾ?" ಅನ್ನುತ್ತಾನೆ. ಅವಳು "ಈಗಷ್ಟೇ ಆಯ್ತು, ನಿಂದು?" ಅನ್ನುತ್ತಾಳೆ. ಇದು ಆಗುವುದಿಲ್ಲ. ರೇಡಿಯೊ ಅಲೆ ಓಡುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅದಕ್ಕಿಂತ ಬೇಗ ಹೋಗುವ ಸಂದೇಶ ಇಲ್ಲ. ಮಂಗಳ ನಮಗೆ ತೀರಾ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿ.ಮೀ., ತೀರಾ ದೂರ ಹೋದಾಗ ಸುಮಾರು 40 ಕೋಟಿ ಕಿ.ಮೀ. ಹಾಗಾಗಿ ಒಂದು ಮಾತು ಅಲ್ಲಿಗೆ ಮುಟ್ಟಲು 3 ನಿಮಿಷದಿಂದ 22 ನಿಮಿಷ ಬೇಕು. ಉತ್ತರ ವಾಪಸ್ ಬರಲು ಮತ್ತೆ ಅಷ್ಟೇ. ಅಂದರೆ ಅವನು "ಊಟ ಆಯ್ತಾ?" ಅಂದು ಸುಮ್ಮನೆ ಕೂತರೆ, ಹತ್ತಿರದ ದಿನಗಳಲ್ಲಿ 6 ನಿಮಿಷ, ದೂರದ ದಿನಗಳಲ್ಲಿ ಮುಕ್ಕಾಲು ಗಂಟೆ ಕಾಯಬೇಕು. ಅಷ್ಟರಲ್ಲಿ ಅವನ ಊಟವೇ ಮುಗಿದಿರುತ್ತದೆ. ಫೋನ್ ಹಿಡಿದು ಕೂರುವುದರಲ್ಲಿ ಅರ್ಥ ಇಲ್ಲ. ಮಂಗಳದ ಜತೆ ಕಾಲ್ ಮಾಡಲು ಆಗುವುದಿಲ್ಲ, ಕಾಗದ ಬರೆಯಲು ಮಾತ್ರ ಆಗುತ್ತದೆ. ಅದು ವಿಡಿಯೊ ಆಗಿರಬಹುದು, ಧ್ವನಿ ಆಗಿರಬಹುದು, ಆದರೆ ಸ್ವಭಾವದಲ್ಲಿ ಅದು ಕಾಗದವೇ.

ಮತ್ತೆ ಕಾಗದದ ವಿಷಯ ನಮ್ಮವರಿಗೆ ಚೆನ್ನಾಗಿ ಗೊತ್ತು, ಅಲ್ವಾ?

ನನ್ನ ಅಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದರು. ಅಮ್ಮ ಕುಂದಾಪುರದ ಕಡೆ ಊರಲ್ಲಿ ನಮ್ಮನ್ನು ಇಟ್ಟುಕೊಂಡಿದ್ದರು. ಇನ್‌ಲ್ಯಾಂಡ್ ಲೆಟರ್ ಹೋಗಿ ಮುಟ್ಟಲು ನಾಲ್ಕೈದು ದಿನ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. "ಇತ್ತ ಕಡೆ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ" ಅಂತ ಶುರು. ಕೊನೆಗೆ ಮಡಚುವ ಅಂಚಿನಲ್ಲೂ ಜಾಗ ಬಿಡದೆ ನಮ್ಮ ಕೈಯಲ್ಲಿ ಒಂದೊಂದು ಸಾಲು ಬರೆಸುತ್ತಿದ್ದರು. ದೊಡ್ಡವನಾದ ಮೇಲೆ ಆ ಕಾಗದಗಳನ್ನು ಮತ್ತೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಪ್ಪನಿಗೆ ಜ್ವರ ಅಂತ ತಿಳಿದರೆ ಅಮ್ಮ "ಜ್ವರ ಹೇಗಿದೆ?" ಅಂತ ಬರೆಯುತ್ತಿರಲಿಲ್ಲ. "ಜ್ವರ ಬಿಟ್ಟ ಮೇಲೆ ಬಾಯಿಗೆ ರುಚಿ ಬಂತಾ? ಗಂಜಿ ಸಾಕು ಅನ್ನಿಸಿದರೆ ಮೆಣಸಿನ ಸಾರು ಮಾಡಿಸಿಕೊಳ್ಳಿ" ಅಂತ ಬರೆಯುತ್ತಿದ್ದರು. "ಈ ಕಾಗದ ನಿಮ್ಮ ಕೈಗೆ ಸಿಗುವಾಗ ಚೌತಿ ಹತ್ತಿರ ಬಂದಿರುತ್ತದೆ" ಅನ್ನುತ್ತಿದ್ದರು. ಅಮ್ಮ ತಾನು ಬರೆಯುವ ದಿನಕ್ಕೆ ಬರೆಯುತ್ತಿರಲಿಲ್ಲ. ಅಪ್ಪ ಓದುವ ದಿನಕ್ಕೆ ಬರೆಯುತ್ತಿದ್ದರು. ಐದು ದಿನ ಮುಂದೆ ಹೋಗಿ, ಅಲ್ಲಿ ಆ ಮನುಷ್ಯ ಹೇಗಿರಬಹುದು ಅಂತ ಊಹಿಸಿ, ಅಲ್ಲಿಗೆ ಮಾತು ಕಳಿಸುತ್ತಿದ್ದರು.

ನಿಮ್ಮ ಕಾದಂಬರಿಗೆ ಬೇಕಾದ ಪ್ರೀತಿ ಇದೇ. ಇದು ಹುಟ್ಟಬೇಕಾದರೆ ನಡುವೆ ತಡ ಇರಬೇಕು. ತಡ ತೆಗೆದರೆ "ಊಟ ಆಯ್ತಾ", "ಆಯ್ತು" ಅಷ್ಟೇ ಉಳಿಯುತ್ತದೆ. ತಡ ಇಟ್ಟರೆ ಅವನು ಹೀಗೆ ಹೇಳಬೇಕಾಗುತ್ತದೆ: "ಇದನ್ನು ನೀನು ಕೇಳುವಾಗ ಪಾಳಿ ಮುಗಿಸಿ ಬಂದಿರುತ್ತೀ. ಮೊದಲು ಕೂತುಕೋ. ಕಾಲು ಚಾಚು. ಆಮೇಲೆ ಹೇಳುತ್ತೇನೆ." ಅವಳ ದಿನ ಪೂರ್ತಿ ಅವನ ತಲೆಯಲ್ಲಿದೆ ಅನ್ನುವುದು ಓದುಗರಿಗೆ ಗೊತ್ತಾಗಲು ಇಷ್ಟು ಸಾಕು. "ನಾನು ನಿನ್ನನ್ನು ಎಷ್ಟು ಪ್ರೀತಿಸುತ್ತೇನೆ" ಅನ್ನುವ ಮಾತು ನಿಮ್ಮ ಕರಡಿನಲ್ಲಿ ಹನ್ನೊಂದು ಸಲ ಬರುತ್ತದೆ. ಆ ಹನ್ನೊಂದನ್ನೂ ತೆಗೆಯಬಹುದು. ನಮ್ಮ ಕಡೆ ಗಂಡ ಹೆಂಡತಿ ಹಾಗೆ ಮಾತಾಡುವುದೂ ಕಡಿಮೆ.

ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ, ಅದನ್ನೂ ಬಳಸಿಕೊಳ್ಳಿ. ಅವನು ಕೇಳಿದ ಪ್ರಶ್ನೆ ಅವಳಿಗೆ ಮುಟ್ಟುವ ಮೊದಲೇ ಅವಳ ಉತ್ತರ ಹೊರಟಿರಬಹುದು. ಸಣ್ಣ ಜಗಳ ಆಗಿದೆ ಅನ್ನಿ. ಇಬ್ಬರೂ ಒಂದೇ ಹೊತ್ತಿಗೆ ಮನಸ್ಸು ಕರಗಿ ಸಂದೇಶ ಕಳಿಸಿದ್ದಾರೆ. ಎರಡೂ ಬಾಹ್ಯಾಕಾಶದ ನಡುವೆ ಎಲ್ಲೋ ಹಾದುಹೋಗುತ್ತವೆ. ಇಬ್ಬರಿಗೂ ಮೊದಲು ಸೋತವರು ತಾವೇ ಅನ್ನಿಸುತ್ತದೆ. ಇಡೀ ಒಂದು ಅಧ್ಯಾಯ ಇದರಲ್ಲಿದೆ.

ಈಗ ಅವನು ಮರದಿಂದ ಬೀಳುವ ಪ್ರಸಂಗ. ನಿಮ್ಮ ಕಾದಂಬರಿಯ ಎದೆಯೇ ಇದು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರಲಿಲ್ಲ ಅಂತ ಅವನೇ ಮರ ಹತ್ತುವುದು, ಹಾಳೆ ಜಾರುವುದು, ಎಲ್ಲ ಚೆನ್ನಾಗಿ ಬಂದಿದೆ. ತೋಟ ನಿಮಗೆ ಗೊತ್ತು, ಅದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೆ ಅದೇ ಕ್ಷಣ ಮಂಗಳದಲ್ಲಿ ಅವಳ ಎದೆ ಝಲ್ಲೆನ್ನುವುದು ಬೇಡ. ದಯವಿಟ್ಟು ತೆಗೆಯಿರಿ. ಯಾಕೆ ಅಂತ ಹೇಳಲು ನಿಮ್ಮನ್ನು 2014ರ ಸೆಪ್ಟೆಂಬರ್ 24ರ ಬೆಳಗ್ಗೆಗೆ ಕರೆದುಕೊಂಡು ಹೋಗಬೇಕು.

ಅವತ್ತು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಲ್ಲಿ ಎಲ್ಲರೂ ಪರದೆ ನೋಡುತ್ತ ಕೂತಿದ್ದರು. ಮಂಗಳಯಾನ ನೌಕೆ ಮಂಗಳದ ಹತ್ತಿರ ಹೋಗಿತ್ತು. ಸುಮಾರು 300 ದಿನ ಮಲಗಿದ್ದ ದೊಡ್ಡ ಎಂಜಿನ್ ಈಗ ಸುಮಾರು 24 ನಿಮಿಷ ಉರಿಯಬೇಕಿತ್ತು. ಉರಿದರೆ ಕಕ್ಷೆ ಸೇರುತ್ತದೆ, ಉರಿಯದಿದ್ದರೆ ಮಂಗಳವನ್ನು ದಾಟಿ ಹೋಗಿಬಿಡುತ್ತದೆ. ದೂರ ಸುಮಾರು 22 ಕೋಟಿ ಕಿ.ಮೀ. ಸಂಕೇತ ಬರಲು ಹನ್ನೆರಡೂವರೆ ನಿಮಿಷ ಬೇಕು. ಹಾಗಾಗಿ ಇಲ್ಲಿಂದ ಕೂತು ನಡೆಸಲು ಸಾಧ್ಯವೇ ಇರಲಿಲ್ಲ. ಮಾಡಬೇಕಾದ್ದನ್ನೆಲ್ಲ ದಿನಗಳ ಮುಂಚೆಯೇ ನೌಕೆಗೆ ಹೇಳಿಕೊಟ್ಟಿದ್ದರು. ಸಾಲದ್ದಕ್ಕೆ, ಎಂಜಿನ್ ಉರಿಯುವಾಗಲೇ ನೌಕೆ ಮಂಗಳದ ಮರೆಗೆ ಹೋಯಿತು. ಆ ಕೋಣೆಯಲ್ಲಿದ್ದವರ ಸ್ಥಿತಿ ಯೋಚಿಸಿ. ಅಲ್ಲಿ ಏನಾಗಬೇಕೋ ಅದು ಆಗಿಹೋಗಿದೆ. ಗೆದ್ದಿದ್ದರೆ ಗೆದ್ದಾಗಿದೆ, ಸೋತಿದ್ದರೆ ಸೋತಾಗಿದೆ. ಆದರೆ ಇಲ್ಲಿ ಯಾರಿಗೂ ತಿಳಿದಿಲ್ಲ. ಸುದ್ದಿ ಬಂದ ಮೇಲೆ ಸೀರೆ ಉಟ್ಟ ಇಸ್ರೋ ಸಿಬ್ಬಂದಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಗುವ ಫೋಟೊ ನೀವು ನೋಡಿಯೇ ಇರುತ್ತೀರಿ. ಆ ನಗುವಿನಲ್ಲಿ ಹನ್ನೆರಡೂವರೆ ನಿಮಿಷದ ಭಾರ ಇಳಿದದ್ದು ಕಾಣುತ್ತದೆ.

"ಆಗಿಹೋಗಿದೆ, ಆದರೆ ತಿಳಿದಿಲ್ಲ." ಈ ಸ್ಥಿತಿಯನ್ನು ನಿಮ್ಮ ನಾಯಕಿಗೆ ಕೊಡಿ. ಅವನು ಬಿದ್ದ ದಿನ ಮಂಗಳ 14 ನಿಮಿಷ ದೂರದಲ್ಲಿದೆ ಅನ್ನೋಣ. ಅವನು ತೋಟದಲ್ಲಿ ಬಿದ್ದುಕೊಂಡಿದ್ದಾನೆ. ಅವಳು ಅಲ್ಲಿ ನಗುತ್ತ ಒಂದು ವಿಡಿಯೊ ಮಾಡುತ್ತಿದ್ದಾಳೆ, ಹಸಿರುಮನೆಯಲ್ಲಿ ಮೊದಲ ಮೊಳಕೆ ಬಂತು ಅಂತ ತೋರಿಸುತ್ತಿದ್ದಾಳೆ. ಅವಳಿಗೆ ಏನೂ ಅನ್ನಿಸುವುದಿಲ್ಲ. ಎದೆ ಝಲ್ಲೆನ್ನುವುದಿಲ್ಲ. ಎಡಗಣ್ಣೂ ಅದುರುವುದಿಲ್ಲ. ಅವನ ತಂಗಿ ಅಳುತ್ತ ಕಳಿಸಿದ ಸುದ್ದಿಯೂ ಅವಳ ನಗುವೂ ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ಆಸ್ಪತ್ರೆಯ ಹೊರಗೆ ತಂಗಿಯ ಕೈಯಲ್ಲಿದ್ದ ಫೋನ್‌ಗೆ ಅತ್ತಿಗೆಯ ನಗುಮುಖ ಬಂದು ಕೂರುತ್ತದೆ. "ನಿನ್ನ ಅಣ್ಣನಿಗೆ ತೋರಿಸು, ಹೆಸರುಕಾಳು ಮೊಳಕೆ ಒಡೆದಿದೆ!" ಅಂತ. ತಂಗಿ ಅದನ್ನು ಒಳಗೆ ಒಯ್ದು ಅಣ್ಣನ ಕಿವಿಯ ಹತ್ತಿರ ಹಿಡಿಯುತ್ತಾಳೆ.

ಅಲ್ಲಿ ಮಂಗಳದಲ್ಲಿ ಸುದ್ದಿ ಮುಟ್ಟಿದ ಮೇಲೆ ಅವಳು ಗಡಿಯಾರ ನೋಡಿ ಹಿಂದಕ್ಕೆ ಲೆಕ್ಕ ಹಾಕುತ್ತಾಳೆ. ಅವನು ಬಿದ್ದಾಗ ನಾನು ಏನು ಮಾಡುತ್ತಿದ್ದೆ? ನಗುತ್ತಿದ್ದೆ. ಆ ಲೆಕ್ಕವೇ ಅವಳನ್ನು ತಿನ್ನುತ್ತದೆ. ದೂರದ ಊರಲ್ಲಿ ದುಡಿಯುವ ಎಲ್ಲರಿಗೂ ಈ ಲೆಕ್ಕ ಗೊತ್ತು. ಅಮ್ಮ ತೀರಿಕೊಂಡ ಹೊತ್ತಿಗೆ ನಾನು ಯಾವುದೋ ಮೀಟಿಂಗ್‌ನಲ್ಲಿ ಚಹಾ ಕುಡಿಯುತ್ತಿದ್ದೆ ಅಂತ ವರ್ಷಗಟ್ಟಲೆ ಕೊರಗಿದವರು ದುಬೈಯಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಅವಳಿಗೆ ದೂರದಿಂದ ಎಲ್ಲ ತಿಳಿಯುವ ಶಕ್ತಿ ಕೊಟ್ಟರೆ ಅವಳು ನಮ್ಮವಳಾಗಿ ಉಳಿಯುವುದಿಲ್ಲ. ಏನೂ ತಿಳಿಯದ ಹಾಗೆ ಬಿಟ್ಟರೆ ಓದುಗರು ಅವಳನ್ನು ಅಪ್ಪಿಕೊಳ್ಳುತ್ತಾರೆ. ಅವಳ ಮೇಲೆ ತಪ್ಪಿಲ್ಲ ಅಂತ ಅವನ ಬಾಯಿಂದ ಹೇಳಿಸಬೇಡಿ. ಚೇತರಿಸಿಕೊಂಡ ಮೇಲೆ ಅವನು ಕಳಿಸುವ ಮೊದಲ ಸಂದೇಶದಲ್ಲಿ "ಆ ಹೆಸರುಕಾಳು ಎಷ್ಟು ಉದ್ದ ಬಂತು?" ಅಂತ ಕೇಳಿಸಿ, ಸಾಕು.

ದಿನದ ಲೆಕ್ಕವನ್ನೂ ಹೇಳಬೇಕು. ನೀವು "ದಿನಾ ರಾತ್ರಿ" ಅಂತ ಬರೆದಿದ್ದೀರಿ. ಯಾರ ರಾತ್ರಿ? ಮಂಗಳದ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡ್. ನಮ್ಮದಕ್ಕಿಂತ ಸುಮಾರು 40 ನಿಮಿಷ ಜಾಸ್ತಿ. ಇವತ್ತು ಇಬ್ಬರಿಗೂ ಒಟ್ಟಿಗೆ ಬೆಳಗಾದರೆ ನಾಳೆ ಅವಳ ಬೆಳಗು 40 ನಿಮಿಷ ತಡ. ಹದಿನೆಂಟು ದಿನ ಕಳೆದರೆ ಇವನ ಮಧ್ಯಾಹ್ನ ಅವಳ ಮಧ್ಯರಾತ್ರಿ. ಸುಮಾರು 36 ದಿನಕ್ಕೆ ಮತ್ತೆ ಇಬ್ಬರ ಬೆಳಗೂ ಒಂದಾಗುತ್ತದೆ. ಇದು ಎಷ್ಟು ಚೆಂದದ ಸಂಗತಿ ನೋಡಿ! ಅಮಾವಾಸ್ಯೆ ಹುಣ್ಣಿಮೆ ಇದ್ದ ಹಾಗೆ ಈ ಇಬ್ಬರಿಗೆ ಮಾತ್ರ ಸೇರಿದ ಒಂದು ತಿಥಿ. ಅವನು ಜಗುಲಿಯ ಗೋಡೆಗೆ ಎರಡು ಗಡಿಯಾರ ನೇತು ಹಾಕಲಿ. ಎರಡೂ ಒಂದೇ ಹೊತ್ತು ತೋರಿಸುವ ದಿನ ಪಂಚಾಂಗದಲ್ಲಿ ಪೆನ್ನಿನಿಂದ ಗುರುತು ಹಾಕಲಿ. ಆ ದಿನ ಪಾಯಸ ಮಾಡಲಿ. ಅವಳ ಅತ್ತೆ "ಇವತ್ತು ಏನು ಹಬ್ಬ?" ಅಂತ ಕೇಳಲಿ.

ಇದು ಬರೀ ಕಲ್ಪನೆ ಅಲ್ಲ. ಮಂಗಳದ ನೆಲದ ಮೇಲೆ ಓಡಾಡುವ ರೋವರ್ ಗಾಡಿಗಳನ್ನು ನಡೆಸುವ ಎಂಜಿನಿಯರ್‌ಗಳು ಮೊದಲ ಕೆಲವು ತಿಂಗಳು ಮಂಗಳದ ಹೊತ್ತಿಗೇ ಎದ್ದು ಮಲಗುತ್ತಾರೆ. 2012ರಲ್ಲಿ ಕ್ಯೂರಿಯಾಸಿಟಿ ರೋವರ್ ಇಳಿದಾಗ ನಾಸಾದ ಜೆಪಿಎಲ್ ಪ್ರಯೋಗಾಲಯದ ಫ್ಲೈಟ್ ಡೈರೆಕ್ಟರ್ ಡೇವಿಡ್ ಓ ಅವರ ಹೆಂಡತಿ ಮತ್ತು ಮೂವರು ಮಕ್ಕಳು ಸುಮಾರು ಒಂದು ತಿಂಗಳು ಅವರ ಜತೆ ಮಂಗಳದ ಹೊತ್ತಿಗೇ ಬದುಕಿದರು. ಅಪ್ಪನ ಬೆಳಗು ನಡುರಾತ್ರಿ ಆದರೆ ಮಕ್ಕಳ ಬೆಳಗೂ ನಡುರಾತ್ರಿ. ಅಪ್ಪನೊಬ್ಬನೇ ಬೇರೆ ಗ್ರಹದಲ್ಲಿ ಇರಬಾರದು ಅಂತ ಮನೆಯೆಲ್ಲ ಅಲ್ಲಿಗೆ ಹೋಯಿತು. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದರೇನೋ, ನಿಜವಾಗಿ ನಡೆದಿದೆ.

ಇನ್ನೊಂದು ಪ್ರಸಂಗ ನಿಮ್ಮ ಕರಡಿನಲ್ಲಿ ಇಲ್ಲವೇ ಇಲ್ಲ, ಇರಲೇಬೇಕು. ಸುಮಾರು 26 ತಿಂಗಳಿಗೊಮ್ಮೆ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಬರುತ್ತಾನೆ. ಆಗ ಸೂರ್ಯನ ಬಿಸಿ ಅನಿಲ ರೇಡಿಯೊ ಸಂಕೇತವನ್ನು ಕೆಡಿಸುತ್ತದೆ. ಸುಮಾರು ಎರಡು ವಾರ ಮಂಗಳದ ನೌಕೆಗಳಿಗೆ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ದೂರ ಅತಿ ಜಾಸ್ತಿ ಆಗುವುದೂ ಆಗಲೇ. ಆಕಾಶದಲ್ಲಿ ಮಂಗಳ ಸೂರ್ಯನ ಬೆಳಕಿನಲ್ಲಿ ಮುಳುಗಿರುವುದರಿಂದ ಕಣ್ಣಿಗೂ ಕಾಣುವುದಿಲ್ಲ. ದಿನಾ ಸಂಜೆ ಅಂಗಳಕ್ಕೆ ಬಂದು ಕೆಂಪು ಚುಕ್ಕಿ ನೋಡುತ್ತಿದ್ದವನಿಗೆ ಆ ಚುಕ್ಕಿಯೂ ಇಲ್ಲ, ಸಂದೇಶವೂ ಇಲ್ಲ. ಎರಡು ವಾರ. ಹೋಗಲು ಏಳೆಂಟು ತಿಂಗಳು, ಅಲ್ಲಿ ಸುಮಾರು 500 ದಿನ, ವಾಪಸ್ ಬರಲು ಮತ್ತೆ ಏಳೆಂಟು ತಿಂಗಳು ಅನ್ನುವ ಪ್ರಯಾಣದಲ್ಲಿ ಇದು ಅವಳು ಅಲ್ಲಿರುವಾಗಲೇ ಬರುತ್ತದೆ. ದಿನಾಂಕ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಮುಂಚೆಯೇ ತಯಾರಿ ಮಾಡಿಕೊಳ್ಳಬಹುದು. ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಮಾಡಿ ಡಬ್ಬಿ ತುಂಬಿಸಿಡುವ ಹಾಗೆ, ಅವನು ಹದಿನಾಲ್ಕು ಸಂದೇಶ ಮೊದಲೇ ಮಾಡಿ ಕಳಿಸಿರಲಿ, ದಿನಕ್ಕೊಂದು ತೆರೆಯಲು. ಅವಳು ಮೂರನೇ ದಿನವೇ ಎಲ್ಲ ತೆರೆದು ಮುಗಿಸುತ್ತಾಳೋ, ಒಂದನ್ನು ಕೊನೆಯವರೆಗೂ ತೆರೆಯದೆ ಇಟ್ಟುಕೊಳ್ಳುತ್ತಾಳೋ, ಅದು ನಿಮ್ಮ ನಾಯಕಿಯ ಸ್ವಭಾವ. ನೀವೇ ಹೇಳಬೇಕು.

ನಿಮ್ಮ ಊರಿನ ವಿಷಯ ಒಂದು. ಮಂಗಳದ ಸಂದೇಶ ಇಳಿಯುವ ಜಾಗ ಬೇಕಾದರೆ ಬೆಂಗಳೂರಿನ ಹತ್ತಿರ ಬ್ಯಾಲಾಳು ಇದೆ. ಅಲ್ಲಿ ಇಸ್ರೋದ 32 ಮೀಟರ್ ಅಗಲದ ಡಿಶ್ ಆಂಟೆನಾ ಇದೆ, ಚಂದ್ರಯಾನ ಮತ್ತು ಮಂಗಳಯಾನದ ಜತೆ ಮಾತಾಡಿದ್ದು ಅದೇ. ಕೋಟಿಗಟ್ಟಲೆ ಕಿ.ಮೀ. ದಾಟಿ ಬ್ಯಾಲಾಳಿಗೆ ಬಂದ ಅವಳ ಧ್ವನಿ ನಿಮ್ಮ ಹಳ್ಳಿಗೆ ಬರುವ ಹೊತ್ತಿಗೆ ನೆಟ್‌ವರ್ಕ್ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಅವನು ಕೊಡೆ ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕು. ಆ ಗುಡ್ಡದ ಮೇಲೆ ಆನ್‌ಲೈನ್ ಪಾಠಕ್ಕೆ ಬಂದ ಹುಡುಗರೂ ಇರುತ್ತಾರೆ. ಅವರೆಲ್ಲ ಸುತ್ತ ಸೇರಿ ಅವಳ ಸಂದೇಶ ಕೇಳುತ್ತಾರೆ. ಇದನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರು ಬರೆಯಬಲ್ಲರು?

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ವೇಗವಾಗಿ ಹೋದವರಿಗೆ ಕಾಲ ನಿಧಾನ ಆಗುತ್ತದೆ, ನಿಜ. ಆದರೆ ಎಷ್ಟು? 2015-16ರಲ್ಲಿ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿ 340 ದಿನ ಇದ್ದರು. ಅವರ ಅವಳಿ ಅಣ್ಣ ಮಾರ್ಕ್ ಭೂಮಿಯಲ್ಲಿದ್ದರು. ಹುಟ್ಟುವಾಗಲೇ 6 ನಿಮಿಷದ ಅಂತರ. ಸ್ಕಾಟ್ ಬಂದ ಮೇಲೆ ಆ ಅಂತರಕ್ಕೆ ಸೇರಿದ್ದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಗಂಡ ಮುದುಕ ಆಗಬೇಕಾದರೆ ಅವಳು ಬೆಳಕಿನ ವೇಗದ ಹತ್ತಿರಕ್ಕೆ ಹೋಗಬೇಕು. ಆ ವೇಗದ ನೂರಕ್ಕೆ 86 ಪಾಲಿಗೂ ಸ್ವಲ್ಪ ಜಾಸ್ತಿ ಓಡಿದರೆ ಅವಳ ಒಂದು ವರ್ಷ ಇವನ ಎರಡು ವರ್ಷ. ಮನುಷ್ಯ ಮಾಡಿದ ಅತಿ ವೇಗದ ನೌಕೆ, ಸೂರ್ಯನ ಹತ್ತಿರ ಹಾದುಹೋಗುವ ಪಾರ್ಕರ್, ಸೆಕೆಂಡಿಗೆ ಸುಮಾರು 190 ಕಿ.ಮೀ. ಮುಟ್ಟಿದೆ. ಬೆಳಕಿನ ಮುಂದೆ ಅದು ಏನೂ ಅಲ್ಲ.

ಹೋಗಿ ಬರುವಷ್ಟರಲ್ಲಿ ತಲೆಮಾರುಗಳೇ ಕಳೆದುಹೋಗುವ ನೋವು ನಮ್ಮ ಕಥೆಗಳಿಗೆ ಹೊಸದಲ್ಲ. ಭಾಗವತದಲ್ಲಿ ರೈವತ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಮನಸ್ಸಲ್ಲಿದ್ದ ವರರು, ಅವರ ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲ. ಅದು ಭೌತಶಾಸ್ತ್ರ ಅಲ್ಲ, ಆದರೆ ಆ ಕಥೆಯ ಬಲ ನನಗೆ ಗೊತ್ತು. ನಿಮಗೆ ಅದೇ ಬೇಕಾದರೆ ಅವಳನ್ನು ಬೇರೆ ನಕ್ಷತ್ರಕ್ಕೆ ಕಳಿಸಿ. ಅದು ಬೇರೆಯೇ ಕಾದಂಬರಿ. ಈ ಕಾದಂಬರಿಗೆ ಇದಕ್ಕಿಂತ ಚೆಂದದ್ದು ಒಂದಿದೆ. ಮಂಗಳದಲ್ಲಿ ಗುರುತ್ವ ಕಡಿಮೆ, ಸೂರ್ಯನಿಂದ ದೂರ ಜಾಸ್ತಿ, ಸೂರ್ಯನ ಸುತ್ತ ಓಟ ನಿಧಾನ. ಹಾಗಾಗಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಸ್ವಲ್ಪ ಬೇಗ ಓಡುತ್ತದೆ, ದಿನಕ್ಕೆ ಸರಾಸರಿ 477 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೊಸೆಕೆಂಡ್). 500 ದಿನಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಕಾಲು ಸೆಕೆಂಡ್. ಅಂದರೆ ಜಾಸ್ತಿ ವಯಸ್ಸಾಗುವುದು ಅವನಿಗಲ್ಲ, ಅವಳಿಗೆ. ಒಂದು ಸಲ ರೆಪ್ಪೆ ಬಡಿಯುವಷ್ಟು. ಅವನಿಗಿಂತ ಒಂದು ರೆಪ್ಪೆಯಷ್ಟು ಜಾಸ್ತಿ ಬದುಕಿ ಬರುತ್ತಾಳೆ.

ದೇಹ ಮಾತ್ರ ನಿಜವಾಗಿಯೂ ಸವೆಯುತ್ತದೆ. ತೂಕವಿಲ್ಲದ ಪ್ರಯಾಣದಲ್ಲಿ, ವ್ಯಾಯಾಮ ಮಾಡದಿದ್ದರೆ, ಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಸಾಂದ್ರತೆ ಕಳೆದುಕೊಳ್ಳುತ್ತವೆ. ವಾಪಸ್ ಬಂದವರಿಗೆ ನೆಟ್ಟಗೆ ನಿಲ್ಲುವುದೇ ಕಷ್ಟ. ಹಾಗಾಗಿ ನಿಮ್ಮ ಕೊನೆಯ ಅಧ್ಯಾಯದಲ್ಲಿ ಅವಳು ಓಡಿ ಬಂದು ಅವನನ್ನು ಅಪ್ಪಿಕೊಳ್ಳುವುದು ಆಗದು. ಮರದಿಂದ ಬಿದ್ದು ಕುಂಟುವವನು ಒಬ್ಬ, ಭೂಮಿಯ ಭಾರ ಮರೆತವಳು ಒಬ್ಬಳು. ಇಬ್ಬರೂ ನಿಧಾನವಾಗಿ ಒಬ್ಬರ ತೋಳು ಒಬ್ಬರು ಹಿಡಿದು ನಡೆಯಬೇಕು.

ಕಣ್ಣೀರಿನ ಬಗ್ಗೆ ಒಂದು ಮಾತು. ಹೋಗುವ ದಾರಿಯಲ್ಲಿ ಅವಳ "ಕಣ್ಣೀರು ಕೆನ್ನೆ ಮೇಲೆ ಇಳಿಯಿತು" ಅಂತ ಬರೆದಿದ್ದೀರಿ. ತೂಕವಿಲ್ಲದ ಕಡೆ ಕಣ್ಣೀರು ಇಳಿಯುವುದಿಲ್ಲ. ಕಣ್ಣಿಗೇ ಅಂಟಿಕೊಂಡು ಗುಳ್ಳೆಯಂತೆ ದಪ್ಪ ಆಗುತ್ತದೆ, ಉರಿಯುತ್ತದೆ, ಕೈಯಿಂದಲೇ ಒರೆಸಬೇಕು. ಮಂಗಳದಲ್ಲಿ ಗುರುತ್ವ ನಮ್ಮದರ ನೂರಕ್ಕೆ 38 ಪಾಲು, ಅಲ್ಲಿ ಇಳಿಯುತ್ತದೆ. ಏಳೆಂಟು ತಿಂಗಳಾದ ಮೇಲೆ ಮೊದಲ ಸಲ ಕಣ್ಣೀರು ಕೆನ್ನೆ ಮೇಲೆ ಇಳಿದದ್ದು ಅವಳಿಗೆ ಗೊತ್ತಾಗಲಿ.

ಊಟ! ನಿಮ್ಮ ಕರಡಿನಲ್ಲಿ ಅವಳು "ಮಾತ್ರೆ ನುಂಗಿದಳು" ಅಂತಿದೆ. ಗಗನಯಾತ್ರಿಗಳು ಮಾತ್ರೆ ತಿಂದು ಬದುಕುವುದಿಲ್ಲ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ಅವರಿಗೆ ಭಾರತದ ತಿನಿಸು ತಯಾರಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಒಯ್ದು ಬೇರೆ ದೇಶದವರ ಜತೆ ಹಂಚಿಕೊಂಡು ತಿಂದರು. ತೂಕವಿಲ್ಲದ ಕಡೆ ರಕ್ತ, ನೀರಿನಂಶ ತಲೆಯ ಕಡೆ ಏರುವುದರಿಂದ ಮೂಗು ಕಟ್ಟಿದ ಹಾಗೆ ಇರುತ್ತದೆ, ರುಚಿ ಮಂಕಾಗುತ್ತದೆ. ಅದಕ್ಕೇ ಹಲವರು ಖಾರ ಜಾಸ್ತಿ ಬೇಡುತ್ತಾರೆ. ಇನ್ನೇನು ಬೇಕು ನಿಮಗೆ? ಅಪ್ಪೆಮಿಡಿ ಉಪ್ಪಿನಕಾಯಿ ಇದೆಯಲ್ಲ! ಅತ್ತೆ ಹಾಕಿಕೊಟ್ಟದ್ದು. ಗರಿಗರಿ ತಿಂಡಿ ತೊಡದೇವು ಮಾತ್ರ ನೌಕೆಯಲ್ಲಿ ಬಿಚ್ಚುವುದು ಬೇಡ, ಪುಡಿ ಹಾರಾಡಿ ಉಪಕರಣಗಳ ಒಳಗೆ ಹೋಗುತ್ತದೆ. ನಿಲ್ದಾಣದಲ್ಲಿ ಬ್ರೆಡ್ ಬದಲು ಚಪಾತಿಯಂಥ ಟಾರ್ಟಿಯಾ ತಿನ್ನುವುದು ಇದೇ ಕಾರಣಕ್ಕೆ. ಮಂಗಳ ಮುಟ್ಟಿದ ಮೇಲೆ ತೊಡದೇವು ಕಟ್ಟು ಬಿಚ್ಚಲಿ.

ಬಿಚ್ಚಿದಾಗ ಯಾರಿಗೆ ಕೊಡುತ್ತಾಳೆ? ಇಲ್ಲಿ ನನ್ನ ದೊಡ್ಡ ತಕರಾರು ಇದೆ. ಅವಳ ಜತೆ ಮೂರು ಜನ ಹೋಗಿದ್ದಾರೆ ಅಂತ ಬರೆದಿದ್ದೀರಿ. ಮೂವರಿಗೂ ಮುಖ ಇಲ್ಲ. 500 ದಿನ ಒಂದೇ ಗೂಡಿನಲ್ಲಿ ಬದುಕುವವರು ಅವರು. ನಾಸಾ ಹ್ಯೂಸ್ಟನ್‌ನಲ್ಲಿ ಮಂಗಳದ ಮನೆಯಂಥ ಒಂದು ಮನೆ ಕಟ್ಟಿ 2023ರ ಜೂನ್‌ನಿಂದ 2024ರ ಜುಲೈವರೆಗೆ ನಾಲ್ವರನ್ನು 378 ದಿನ ಅದರೊಳಗೆ ಇರಿಸಿತ್ತು. ಮಾಸ್ಕೋದಲ್ಲಿ 2010-11ರಲ್ಲಿ ಆರು ಜನ 520 ದಿನ ಇದ್ದರು. ಇಂಥ ಕಡೆ ಮನೆಯವರ ಮಾತು ತಡವಾಗಿ ಬರುತ್ತದೆ, ಪಕ್ಕದ ಬಂಕಿನವರ ಗೊರಕೆ ಆಗಲೇ ಕೇಳುತ್ತದೆ. ಅವನು ಬಿದ್ದ ಸುದ್ದಿ ಬಂದ ರಾತ್ರಿ ಅವಳ ಜತೆ ಕೂತವರು ಯಾರು? ಗಂಡ ಕೂರಲು ಆಗುವುದಿಲ್ಲ. ಭಾಷೆ ಬಾರದ ಆ ಮೂವರಲ್ಲಿ ಒಬ್ಬರು ಅವಳ ಪಾಳಿ ತಾವು ಮಾಡಬೇಕು. ಒಬ್ಬರು ಉಪ್ಪಿನಕಾಯಿ ಭರಣಿ ತಂದು ಅವಳ ಅನ್ನದ ಪಕ್ಕ ಇಡಬೇಕು. ಪ್ರೀತಿಯ ಕಾದಂಬರಿ ಅಂದರೆ ಗಂಡ ಹೆಂಡತಿ ಕಥೆ ಮಾತ್ರ ಅಂದುಕೊಳ್ಳಬೇಡಿ.

ನೀವು ಹೆಸರಿಗೆ ಬರೆದು ಬಿಟ್ಟ ಒಂದು ಸಾಲು ನನಗೆ ಇಷ್ಟವಾಯಿತು. ಶಾಲೆಯ ಮಕ್ಕಳು "ಆಕಾಶದಲ್ಲಿ ಕನ್ನಡ ಕೇಳಿಸುತ್ತಾ ಟೀಚರ್?" ಅಂತ ಕೇಳುತ್ತಾರೆ. ಆ ಮಗುವಿಗೆ ನಿಜವಾದ ಉತ್ತರ ಇದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪ ಇರುವ ತಾಮ್ರದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ, ಒಂದು ಕನ್ನಡದ್ದು, ಕನ್ನಡಿಗರ ಪರವಾಗಿ ಹೇಳಿದ್ದು. ಅದೇ ತಟ್ಟೆಯಲ್ಲಿ ಆ್ಯನ್ ಡ್ರುಯಾನ್ ಎಂಬ ಹೆಣ್ಣುಮಗಳ ಮಿದುಳಿನ ಅಲೆ, ಎದೆಬಡಿತವೂ ಇದೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಅವರು ಮದುವೆ ಆಗೋಣ ಅಂತ ಫೋನ್‌ನಲ್ಲಿ ನಿರ್ಧಾರ ಮಾಡಿ ಎರಡೇ ದಿನ ಆಗಿತ್ತು. ಒಂದು ಗಂಟೆ ಕಾಲ ಭೂಮಿಯ ಕಥೆಯನ್ನೂ ಪ್ರೀತಿಯನ್ನೂ ನೆನೆಯುತ್ತ ಮಲಗಿದ್ದರು, ಯಂತ್ರ ಅದನ್ನು ಬರೆದುಕೊಂಡಿತು. ಈಗ ವಾಯೇಜರ್ 1 ಇರುವ ಕಡೆಗೆ ನಮ್ಮ ಒಂದು ಮಾತು ಮುಟ್ಟಲು ಹತ್ತಿರ ಹತ್ತಿರ ಒಂದು ಇಡೀ ದಿನ ಬೇಕು. ಈ ಪ್ರಸಂಗ ಟೀಚರ್ ಬಾಯಲ್ಲಿ ಬರಲಿ, ಗಂಡ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಳ್ಳಲಿ.

"ಪ್ರೀತಿಗೆ ಬೆಳಕಿಗಿಂತ ವೇಗ ಜಾಸ್ತಿ" ಅನ್ನುವ ನಿಮ್ಮ ಕೊನೆಯ ಸಾಲನ್ನು ತೆಗೆಯಿರಿ. ಆ ಸಾಲು ಅವನು ಗುಡ್ಡ ಹತ್ತಿದ್ದನ್ನೂ ಅವಳು ಕಾದದ್ದನ್ನೂ ಸುಳ್ಳು ಮಾಡುತ್ತದೆ. ಬದಲಿಗೆ ಇದನ್ನು ಯೋಚಿಸಿ. ಅವಳು ಊರಿಗೆ ಬಂದ ಮೊದಲ ರಾತ್ರಿ, ಜಗುಲಿ. ಅವನು "ಊಟ ಆಯ್ತಾ?" ಅನ್ನುತ್ತಾನೆ. ಅವಳು ಅಭ್ಯಾಸ ಬಲದಿಂದ ಗೋಡೆಯ ಎರಡನೇ ಗಡಿಯಾರ ನೋಡಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಅವನೂ ಕಾಯುತ್ತಾನೆ, ಕಾದು ರೂಢಿ. ಆಮೇಲೆ ಇಬ್ಬರಿಗೂ ಈಗಲೇ ಉತ್ತರ ಕೊಡಬಹುದು ಅಂತ ನೆನಪಾಗುತ್ತದೆ.

ಮೊದಲು 26ನೇ ಪುಟ ತಿದ್ದಿ. ಅಲ್ಲಿ ಆ ಪ್ರಶ್ನೆಗೆ ಉತ್ತರ ಬರುವುದು ಬೇಡ, ಪುಟ ಮುಗಿಯಲಿ. ಉತ್ತರ 28ನೇ ಪುಟದಲ್ಲಿ ಬರಲಿ.